ಗುಡಿಯ ಪಕ್ಕದ ಮನೆ, ಹೊಲದೊಳಗಿನ ಬಾವಿ: ಪುರಾತತ್ವ ಕಾನೂನು ಎಲ್ಲಿಂದ ಎಲ್ಲಿವರೆಗೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಊರ ನಡುವೆ ಹಳೆಯ ಕಲ್ಲಿನ ಗುಡಿ ಇದೆ. ಮುಂದೆ ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಬೋರ್ಡಿದೆ. ಅಲ್ಲಿಂದ ಸುಮಾರು 60 ಮೀಟರ್ ದೂರದಲ್ಲಿ ಅಜ್ಜ ಕಟ್ಟಿಸಿದ ನಮ್ಮ ಮಣ್ಣಿನ ಮಾಳಿಗೆ ಮನೆ. ಮಳೆಗಾಲದಲ್ಲಿ ಸೋರುತ್ತದೆ. ಕೆಡವಿ ಆರ್‌ಸಿಸಿ ಮನೆ ಕಟ್ಟಿ, ಮೇಲೊಂದು ಮಹಡಿ ಹಾಕೋಣ ಅಂದರೆ ಪಂಚಾಯ್ತಿಯವರು ಪರವಾನಗಿ ಕೊಡುತ್ತಿಲ್ಲ. ಇನ್ನೊಂದು ವಿಷಯ, ನಮ್ಮ ಹೊಲದ ಬದುವಿನಲ್ಲಿ ಮೆಟ್ಟಿಲ ಬಾವಿಯೊಂದಿದೆ, ಪಕ್ಕದಲ್ಲಿ ಎರಡು ವೀರಗಲ್ಲು. ಅವಕ್ಕೆ ಬೋರ್ಡೂ ಇಲ್ಲ, ಕೇಳುವವರೂ ಇಲ್ಲ. ಸರ್ಕಾರಕ್ಕೆ ಬರೆದು ಉಳಿಸೋಣ ಅಂದರೆ ‘ಹೊಲ ಹೋಗುತ್ತೆ’ ಅಂತ ತಮ್ಮ ಬೇಡ ಅನ್ನುತ್ತಾನೆ. ಏನು ಮಾಡಬೇಕು?

ಉತ್ತರ: ಮೊದಲನೆಯ ಮಾತು, ಮನೆ ಕೆಡವಬೇಡಿ. ಒಂದು ಗೋಡೆಯನ್ನೂ ಈಗಲೇ ಇಳಿಸಬೇಡಿ. ಮಿಕ್ಕಿದ್ದನ್ನೆಲ್ಲ ಆಮೇಲೆ ನೋಡೋಣ. ನಿಮ್ಮಂಥ ಎಷ್ಟೋ ಮನೆಯವರು ಸಿಕ್ಕಿಬಿದ್ದಿರುವುದು ಇಲ್ಲೇ. ‘ಹೇಗಿದ್ರೂ ನಮ್ಮ ಜಾಗ, ಮೊದಲು ಕೆಡವೋಣ, ಪರವಾನಗಿ ಆಮೇಲೆ ಬರುತ್ತೆ’ ಅಂತ ಹೊರಡುತ್ತಾರೆ. ಹಳೆ ಮನೆ ನಿಂತಿರುವ ತನಕ ಕಾನೂನಿನಲ್ಲಿ ನಿಮಗೊಂದು ದಾರಿ ಇದೆ. ಅದು ನೆಲಸಮವಾದ ದಿನ ಆ ದಾರಿ ಮುಚ್ಚಿತು.

ಯಾಕೆ ಅಂತ ಹೇಳುತ್ತೇನೆ. ನೀಲಿ ಬೋರ್ಡಿನ ಗುಡಿಗಳಿಗೆ ಅನ್ವಯಿಸುವುದು ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. 2010ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಅದರ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್ ತನಕ ಕಾನೂನಿನ ಕಣ್ಣಿದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಕೆಡವಿ ಅಷ್ಟೇ ಅಳತೆಗೆ ಮತ್ತೆ ಕಟ್ಟುವುದಕ್ಕೂ ಇಲ್ಲ. ಇರುವ ಮನೆಯ ರಿಪೇರಿ, ನವೀಕರಣಕ್ಕೆ ಮಾತ್ರ ಅನುಮತಿ ಕೇಳಬಹುದು. ಮೇಲ್ಮಹಡಿ ರಿಪೇರಿ ಆಗೋದಿಲ್ಲ, ಅದು ಹೊಸ ಕಟ್ಟಡವೇ. ಹಾಗಾಗಿ ನಿಮ್ಮ ಎರಡನೇ ಮಹಡಿಯ ಆಸೆ 60 ಮೀಟರಿನಲ್ಲಿ ನಡೆಯದು. ಪಂಚಾಯ್ತಿಯವರು ನಿಮ್ಮನ್ನು ಸುಮ್ನೆ ಸತಾಯಿಸುತ್ತಿಲ್ಲ. ಕೊಟ್ಟರೆ ಅವರಿಗೂ ಕಷ್ಟ. ನಿಷೇಧಿತ ಪ್ರದೇಶದಲ್ಲಿ ಕಟ್ಟಿದವರಿಗೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಅಂತ ಕಾಯ್ದೆಯಲ್ಲೇ ಬರೆದಿದೆ.

ಈ 60 ಮೀಟರ್ ಅನ್ನುವ ಲೆಕ್ಕ ಎಲ್ಲಿಂದ ಹಿಡಿದಿರಿ? ಗುಡಿಯ ಗೋಡೆಯಿಂದಲಾ? ಬಹಳ ಜನ ಹಾಗೇ ಅಳೆಯುತ್ತಾರೆ. ಕಾಯ್ದೆ ಅಳೆಯುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ಗುಡಿಯ ಜೊತೆಗೆ ಸುತ್ತಲಿನ ಅಂಗಳ, ಪುಷ್ಕರಣಿ, ಖಾಲಿ ಜಾಗವೂ ಅಧಿಸೂಚನೆಯಲ್ಲಿ ಸೇರಿದ್ದರೆ 100 ಮೀಟರ್ ಶುರುವಾಗುವುದು ಆ ಜಾಗದ ಅಂಚಿನಿಂದ. ಆಗ ಗುಡಿಯಿಂದ 120 ಮೀಟರ್ ಆಚೆಗಿರುವ ಮನೆಯೂ ನಿಷೇಧಿತ ಪ್ರದೇಶದೊಳಗೆ ಬರಬಹುದು. ನಿಮ್ಮ ಮನೆಯಂತೂ ಹೇಗೆ ಅಳೆದರೂ ಒಳಗೇ ಇದೆ. ಆದರೆ ನಿಮ್ಮ ಓಣಿಯ ಕೊನೆಯ ಮನೆಯವರಿಗೆ ಈ ವ್ಯತ್ಯಾಸ ದೊಡ್ಡದು. ಅಧಿಸೂಚನೆಯ ಪ್ರತಿ, ಅದರ ಜೊತೆಗಿನ ನಕಾಶೆ ಎರಡನ್ನೂ ಇಲಾಖೆಯಿಂದ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಊರಿನವರು ಟೇಪು ಹಿಡಿದು ಜಗಳಾಡುವುದಕ್ಕಿಂತ ಇದು ಒಳ್ಳೆಯದು.

ನಿಮಗಿರುವ ದಾರಿ ಯಾವುದು ಅಂದರೆ, 1992ರ ಜೂನ್ 16ಕ್ಕೂ ಮುಂಚೆ ಇದ್ದ ಮನೆಯ ಮಾಲೀಕರು ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು. 100 ಮತ್ತು 200 ಮೀಟರಿನ ನಿಯಮ ಮೊದಲು ಅಧಿಸೂಚನೆಯಾಗಿ ಬಂದದ್ದು ಆ ದಿನ, ಅದಕ್ಕೇ ಈ ತಾರೀಖು. ಅಜ್ಜ ಕಟ್ಟಿಸಿದ ಮನೆ ಅಂದಮೇಲೆ ಅದಕ್ಕಿಂತ ಹಿಂದಿನದೇ ಅಲ್ವಾ? ಆದರೆ ಬಾಯಿಮಾತಿಗೆ ಬೆಲೆಯಿಲ್ಲ, ಕಾಗದ ಬೇಕು. ಹಳೆಯ ಮನೆ ಕರದ ರಸೀದಿ, ಪಂಚಾಯ್ತಿಯ ಹಳೆ ಆಕಾರಣೆ ಪಟ್ಟಿಯ ನಕಲು, ಖರೀದಿ ಪತ್ರ, ವಾಟ್ನಿ ಪತ್ರ, ಮೊದಲ ಕರೆಂಟ್ ಬಿಲ್, ಇವುಗಳಲ್ಲಿ ಯಾವುದು ಸಿಕ್ಕರೂ ತೆಗೆದಿಡಿ. ಅಟ್ಟದ ಮೇಲಿನ ಟ್ರಂಕ್ ಹುಡುಕಿ. ಈಗಿನ ಮನೆಯ ಫೋಟೋಗಳನ್ನು ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಒಂದರಲ್ಲಾದರೂ ಮನೆ ಮತ್ತು ಗುಡಿ ಎರಡೂ ಒಟ್ಟಿಗೆ ಕಾಣುವ ಹಾಗಿರಲಿ.

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅನುಮತಿ ಕೊಡಲು ಕೇಂದ್ರ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ಅವರು 15 ದಿನದೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು. ಅದು ಬಂದ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರ ಕೊಡುತ್ತೇವೆ ಅಥವಾ ಇಲ್ಲ ಅಂತ ತೀರ್ಮಾನಿಸಬೇಕು. ಇದು ಕಾಯ್ದೆಯ ಲೆಕ್ಕ. ನಿಜಜೀವನದಲ್ಲಿ ಒಂದು ಕಾಗದ ಕಡಿಮೆಯಿದೆ ಅಂತ ಅರ್ಜಿ ವಾಪಸ್ಸು ಬಂದರೆ ಒಂದು ಮಳೆಗಾಲ ಹೋಯಿತು ಅಂತಲೇ ತಿಳಿಯಿರಿ. ಅದಕ್ಕೇ ಮೊದಲ ಸಲವೇ ಪೂರ್ತಿ ಕಾಗದ ಇಡಿ. ಅರ್ಜಿ ಆನ್‌ಲೈನ್‌ನಲ್ಲೇ ಹಾಕುವ ವ್ಯವಸ್ಥೆಯಿದೆ. ಜಾಗದ ದೂರ ತೋರಿಸಲು ಇಸ್ರೋ ನೆರವಿನಿಂದ ಮಾಡಿದ ಮೊಬೈಲ್ ಆ್ಯಪ್ ಕೂಡ ಇದೆ. ಅರ್ಜಿಯಲ್ಲಿ ‘ಮನೆ ಕಟ್ಟಲು ಅನುಮತಿ’ ಅಂತ ಬರೆಯಬೇಡಿ. ಯಾವ ಕೋಣೆ, ಯಾವ ಗೋಡೆ, ಎಷ್ಟು ಅಡಿ, ಮಾಳಿಗೆಯ ಎತ್ತರ ಈಗೆಷ್ಟು, ಕೆಲಸ ಆದಮೇಲೆ ಎಷ್ಟು ಅಂತ ಬರೆಯಿರಿ. ಎತ್ತರ ಹೆಚ್ಚುವುದಿಲ್ಲ ಅನ್ನುವುದು ಎದ್ದು ಕಾಣಬೇಕು.

ಹಾಗೆ ನೋಡಿದರೆ ನಿಮ್ಮ ಮನೆಗೆ ಆರ್‌ಸಿಸಿ ನಿಜವಾಗಲೂ ಬೇಕಾ? ಮಣ್ಣಿನ ಮಾಳಿಗೆ ಸೋರುವುದಕ್ಕೆ ಸಾಮಾನ್ಯವಾಗಿ ಮಣ್ಣು ಕಾರಣವಲ್ಲ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು. ಹುಲ್ಲು ಕಿತ್ತು, ನೀರು ಹೊರಹೋಗುವ ಕೊಳವೆಯ ಬಾಯಿ ಬಿಡಿಸುತ್ತಿದ್ದರು. ಆ ಕೆಲಸ ನಿಂತು ಎಷ್ಟು ವರ್ಷವಾಯಿತೋ ನೋಡಿ. ಜಂತಿಗಳ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಚಾಕುವಿನ ಮೊನೆ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಆ ಜಂತಿ ಲಡ್ಡಾಗಿದೆ, ಅದನ್ನು ಬದಲಿಸಬೇಕು. ಗಟ್ಟಿಯಾಗಿ ತಡೆದರೆ ಅದಕ್ಕಿನ್ನೂ ಆಯುಷ್ಯವಿದೆ. ಇಂಥ ರಿಪೇರಿ ಅಗ್ಗ, ಅನುಮತಿ ಸಿಗುವುದೂ ಸುಲಭ. ಮಣ್ಣಿನ ಮಾಳಿಗೆ ತೆಗೆದು ಅಷ್ಟೇ ಎತ್ತರದಲ್ಲಿ ಬೇರೆ ಚಾವಣಿ ಹಾಕುತ್ತೇವೆ ಅಂತಲೂ ಕೇಳಬಹುದು, ತೀರ್ಮಾನ ಪ್ರಾಧಿಕಾರದ್ದು. ಹೊಸದಾಗಿ ದೊಡ್ಡ ಮನೆಯೇ ಬೇಕು ಅಂದರೆ ಊರಾಚೆ ನಿಮ್ಮದೇ ಜಾಗವಿದೆಯಾ ನೋಡಿ. 100 ದಾಟಿ 300ರ ಒಳಗಿದ್ದರೆ ಅನುಮತಿ ಪಡೆದು ಹೊಸ ಮನೆ ಕಟ್ಟಬಹುದು. 300 ದಾಟಿದರೆ ಈ ಕಾಯ್ದೆ ನಿಮ್ಮ ತಂಟೆಗೇ ಬರುವುದಿಲ್ಲ.

ನಿಮ್ಮ ಪಂಚಾಯ್ತಿಯವರು ಇನ್ನೊಂದನ್ನೂ ತಿಳಿದುಕೊಂಡರೆ ಒಳ್ಳೆಯದು. 100 ಮೀಟರಿನೊಳಗೆ ಏನೂ ಮಾಡುವಂತಿಲ್ಲ ಅಂತ ಗಟಾರ ಕೆಲಸವನ್ನೂ ನಿಲ್ಲಿಸಿರುವ ಊರುಗಳಿವೆ. ಕಾಯ್ದೆಯಲ್ಲಿ ‘ನಿರ್ಮಾಣ’ ಅನ್ನುವುದರಿಂದ ಚರಂಡಿ ಕೆಲಸ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕರ ಕುಡಿಯುವ ನೀರು, ಕರೆಂಟಿನ ಕೆಲಸಗಳನ್ನು ಹೊರಗಿಟ್ಟಿದ್ದಾರೆ. ಹಾಗಂತ ಇಲಾಖೆಗೆ ಹೇಳದೆ ಅಗೆಯಬಾರದು. ಗುಡಿಯ ಪಾಯದ ಪಕ್ಕ ಜೆಸಿಬಿ ಇಳಿಸಿದರೆ ಅದು ಬೇರೆಯೇ ಅಪರಾಧ. ಆದರೆ ಗಟಾರ ಬೇಕೇ ಬೇಕು. ನಮ್ಮ ಹಳ್ಳಿಗಳ ಗುಡಿಗಳಿಗೆ ದೊಡ್ಡ ಶತ್ರು ನೀರು. ಪ್ರತಿ ಸಲ ರಸ್ತೆಗೆ ಕಾಂಕ್ರೀಟ್ ಹಾಕುವಾಗ ಹಳೆಯದನ್ನು ತೆಗೆಯದೆ ಅದರ ಮೇಲೇ ಹಾಕುತ್ತಾರೆ. ರಸ್ತೆ ಮೇಲಾಯಿತು, ಗುಡಿ ಕೆಳಗಾಯಿತು. ಓಣಿಯ ನೀರೆಲ್ಲ ಅಂಗಳಕ್ಕೆ ಬಂತು. ಕಲ್ಲು ಆ ನೀರನ್ನು ಹೀರುತ್ತದೆ, ನೀರಿನ ಜೊತೆ ಉಪ್ಪನ್ನೂ. ಬೇಸಿಗೆಯಲ್ಲಿ ನೀರು ಆರಿ ಉಪ್ಪು ಹರಳುಗಟ್ಟಿದಾಗ ಕಲ್ಲಿನ ಮೇಲ್ಮೈ ಹಕ್ಕಳೆಯ ಹಾಗೆ ಏಳುತ್ತದೆ. ಗೋಡೆಯ ಬುಡದ ಆನೆಸಾಲು, ಹೂಬಳ್ಳಿ ಮೊದಲು ಅಳಿಸಿಹೋಗುವುದು, ಮೇಲಿನ ಶಿಲ್ಪ ಚೆನ್ನಾಗಿಯೇ ಉಳಿಯುವುದು ಇದಕ್ಕೇ. ಸಂದುಗಳಿಗೆ ಸಿಮೆಂಟ್ ಮೆತ್ತಿದರಂತೂ ತೇವ ಹೊರಹೋಗಲು ಜಾಗವೇ ಇಲ್ಲದೆ ಕಲ್ಲಿನಲ್ಲೇ ಕೂರುತ್ತದೆ. ಹಳಬರು ಸುಣ್ಣದ ಗಾರೆ ಬಳಸಿದ್ದು ಸಿಮೆಂಟ್ ಇರಲಿಲ್ಲ ಅಂತ ಮಾತ್ರ ಅಲ್ಲ. ಗಾರೆಯಲ್ಲಿ ತೇವ ಆಡುತ್ತದೆ.

ಈಗ ಹೊಲದ ವಿಷಯಕ್ಕೆ ಬರೋಣ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇದೇ.

ಕರ್ನಾಟಕದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 500ಕ್ಕೂ ಜಾಸ್ತಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ತನ್ನದೇ 1961ರ ಕಾಯ್ದೆಯ ಕೆಳಗೆ ಇನ್ನೂ 800ಕ್ಕೂ ಹೆಚ್ಚನ್ನು ಸೇರಿಸಿಕೊಂಡಿದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಗದಗ, ಹಾವೇರಿ, ಕೊಪ್ಪಳದ ಹಳ್ಳಿಗಳನ್ನು ಸುತ್ತಿದವರಿಗೆ ಗೊತ್ತು, ಪ್ರತಿ ಊರಿನಲ್ಲೂ ಒಂದು ಶಾಸನ, ನಾಲ್ಕು ವೀರಗಲ್ಲು, ಅರ್ಧ ಹೂತ ಗುಡಿ ಇದ್ದೇ ಇರುತ್ತದೆ. ಅವುಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ.

ಇದಕ್ಕೆ ಕಾರಣ ಪಟ್ಟಿ ಹುಟ್ಟಿದ ರೀತಿ. ಗದಗ ಸೀಮೆ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಲಾರ್ಡ್ ಕರ್ಜನ್ ಕಾಲದ 1904ರ ಕಾಯ್ದೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿತ್ತು. ಹೆನ್ರಿ ಕಸೆನ್ಸ್‌ರಂಥ ಸರ್ವೇಕ್ಷಣೆಯ ಅಧಿಕಾರಿಗಳು ಈ ಭಾಗದ ಗುಡಿಗಳನ್ನು ಅಳೆದು, ಫೋಟೋ ತೆಗೆದು ದಾಖಲಿಸಿದ್ದರು. ಕೊಪ್ಪಳ ಕಡೆ ಹೋದರೆ ಅದು ನಿಜಾಮರ ರಾಜ್ಯ. ಅಲ್ಲಿ ಹೈದರಾಬಾದಿನದೇ ಪುರಾತತ್ವ ಇಲಾಖೆ 1914ರಲ್ಲಿ ಶುರುವಾಯಿತು. ಹಳೆ ಮೈಸೂರಿನಲ್ಲಿ 1885ರಿಂದಲೇ ಬೇರೆ ಇಲಾಖೆ. ಗದಗ ಪಕ್ಕದ ಲಕ್ಕುಂಡಿಯ ಗುಡಿಗೂ ಅದರಿಂದ ಅಷ್ಟೇನೂ ದೂರವಿಲ್ಲದ ಕೊಪ್ಪಳ ಕಡೆಯ ಇಟಗಿಯ ಮಹಾದೇವ ಗುಡಿಗೂ ಅಂದಿನ ಸರ್ಕಾರವೇ ಬೇರೆ. ಈ ಮೂರೂ ಕಡೆಯ ಅಧಿಕಾರಿಗಳ ಕಣ್ಣಿಗೆ ಮೊದಲು ಬಿದ್ದದ್ದು ಕೆತ್ತನೆ ತುಂಬಿದ ದೊಡ್ಡ ಗುಡಿಗಳು. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರದಾಕಾರದ ಗೋಡೆ ಕಂಡವರು ಪಟ್ಟಿಗೆ ಸೇರಿಸದೆ ಬಿಡುತ್ತಾರಾ? ಹೊಲದ ಬಾವಿ, ಬದುವಿನ ವೀರಗಲ್ಲು, ದೇಸಾಯರ ವಾಡೆ ಅವರಿಗೆ ಅಷ್ಟು ಮುಖ್ಯ ಅನ್ನಿಸಲಿಲ್ಲ. ಸ್ವಾತಂತ್ರ್ಯ ಬಂದಮೇಲೆ ಆ ಹಳೆ ಪಟ್ಟಿಗಳೇ ಹೆಚ್ಚುಕಡಿಮೆ ಹಾಗೇ ಮುಂದುವರಿದವು. ನಿಮ್ಮ ಬಾವಿಗೆ ಬೋರ್ಡಿಲ್ಲ ಅಂದರೆ ಅದು ಸಾಮಾನ್ಯ ಬಾವಿ ಅಂತೇನಲ್ಲ. ಅದನ್ನು ನೋಡಲು ಯಾರೂ ಬಂದಿಲ್ಲ, ಅಷ್ಟೇ.

ಪಟ್ಟಿಯಲ್ಲಿದ್ದ ಮಾತ್ರಕ್ಕೆ ಉಳಿಯುತ್ತದೆ ಅಂತಲೂ ಇಲ್ಲ ಬಿಡಿ. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಬಂದಾಗ ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿದ್ದ 92 ಸ್ಮಾರಕಗಳು ಎಲ್ಲಿವೆ ಅಂತಲೇ ಗೊತ್ತಾಗಿರಲಿಲ್ಲ. ಆಮೇಲೆ ಹುಡುಕಿ ಕೆಲವನ್ನು ಪತ್ತೆ ಮಾಡಿದರು. ಕೆಲವು ಅಣೆಕಟ್ಟಿನ ನೀರಿನಲ್ಲಿ, ಕೆಲವು ಬೆಳೆಯುವ ಪೇಟೆಗಳ ಕೆಳಗೆ ಹೋಗಿದ್ದವು. ಇನ್ನು ಕೆಲವಕ್ಕೆ ಹಳೆಯ ದಾಖಲೆಯಲ್ಲಿ ಸರಿಯಾದ ವಿಳಾಸವೇ ಇರಲಿಲ್ಲ. ಈ ಕೊನೆಯದನ್ನು ನೆನಪಿಡಿ. ನೀವು ನಾಳೆ ಅರ್ಜಿ ಬರೆಯುವಾಗ ‘ನಮ್ಮೂರ ಹತ್ತಿರದ ಬಾವಿ’ ಅಂತ ಬರೆದರೆ ಅದೂ ಅದೇ ಸಾಲಿಗೆ ಸೇರುತ್ತದೆ. ಸರ್ವೆ ನಂಬರ್, ಹಿಸ್ಸಾ, ದಿಕ್ಕು, ಬದುವಿನಿಂದ ಎಷ್ಟು ಅಡಿ ಅನ್ನುವುದೆಲ್ಲ ಬೇಕು.

ನಿಮ್ಮ ತಮ್ಮನ ಹೆದರಿಕೆ ಸುಳ್ಳಲ್ಲ. ಅವರು ಸುದ್ದಿ ನೋಡಿದ್ದಾರೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬಾಳುತ್ತಿದ್ದ ಮನೆಗಳನ್ನು, ಅಂಗಡಿಗಳನ್ನು ತೆರವು ಮಾಡಿದ್ದು ಎಲ್ಲರಿಗೂ ಗೊತ್ತು. ಐಹೊಳೆಯಲ್ಲಿ ಗುಡಿಗಳ ನಡುವೆ ಇರುವ ಮನೆಗಳ ಸ್ಥಳಾಂತರದ ಮಾತು ದಶಕಗಳಿಂದ ಎಳೆದಾಡುತ್ತಿದೆ. ಅಲ್ಲಿನ ಜನ ಮನೆ ರಿಪೇರಿಯನ್ನೂ ಮಾಡಿಸಿಕೊಳ್ಳಲಾರದೆ, ಹೊಸ ಜಾಗಕ್ಕೂ ಹೋಗಲಾರದೆ ಅನುಭವಿಸುವ ಕಷ್ಟ ಸಣ್ಣದಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ಹಂಪಿಯ ಎದುರಿನ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿ ಅಂದಿತು. ಅದಕ್ಕೆ ಆಧಾರ 1988ರಲ್ಲಿ ರಾಜ್ಯದ ಕಾಯ್ದೆಯ ಕೆಳಗೆ ಹೊರಟಿದ್ದ ಒಂದು ಅಧಿಸೂಚನೆ. ರಾಜ್ಯದ ಬೋರ್ಡು ಅಂದರೆ ಬರೀ ಅಲಂಕಾರ ಅಂದುಕೊಂಡವರು ಈ ಕೇಸನ್ನು ಓದಬೇಕು. ಮೂವತ್ತು ವರ್ಷ ಹಳೆಯ ಕಾಗದ ಒಂದು ದಿನ ಎದ್ದು ಕೂತಿತು.

ಆದರೆ ನಿಮ್ಮ ಹೊಲದ ವಿಷಯ ಹಂಪಿಯದಲ್ಲ. ರಕ್ಷಣೆ ಬೇರೆ, ಮಾಲೀಕತ್ವ ಬೇರೆ. ಸ್ಮಾರಕ ಅಂತ ಘೋಷಣೆಯಾದ ಕೂಡಲೇ ಉತಾರದಲ್ಲಿ ನಿಮ್ಮ ಹೆಸರು ಹೋಗಿ ಸರ್ಕಾರದ ಹೆಸರು ಬರುವುದಿಲ್ಲ. ಕೇಂದ್ರದ ಕಾಯ್ದೆಯೇ ಮಾಲೀಕರ ಜೊತೆ ಒಪ್ಪಂದ ಮಾಡಿಕೊಳ್ಳಲು ದಾರಿ ಇಟ್ಟಿದೆ. ಮುಜರಾಯಿಗೆ, ಮಠಕ್ಕೆ, ವಕ್ಫ್‌ಗೆ, ಖಾಸಗಿಯವರಿಗೆ ಸೇರಿದ ಸಂರಕ್ಷಿತ ಸ್ಮಾರಕಗಳು ಎಷ್ಟೋ ಇವೆ. ಪೂಜೆ ನಡೆಯುತ್ತಿದ್ದ ಗುಡಿಯಲ್ಲಿ ಪೂಜೆಯೂ ನಡೆಯುತ್ತದೆ. ನಿಮ್ಮ ಜಿಲ್ಲೆಯದೇ ಗದಗದ ತ್ರಿಕೂಟೇಶ್ವರ ಗುಡಿಯಲ್ಲಿ ನೋಡಿಲ್ವಾ? ಇನ್ನು ಬೇಸಾಯ. ಸಂರಕ್ಷಿತ ಪ್ರದೇಶದೊಳಗೂ ಬಿತ್ತಿ ಬೆಳೆಯಬಹುದು, ಒಂದು ಅಡಿಗಿಂತ ಆಳ ಅಗೆಯಬಾರದು ಅಷ್ಟೇ ಅಂತ ಕಾಯ್ದೆ ಹೇಳುತ್ತದೆ. ಜೋಳ, ಕಡಲೆಗೆ ತೊಂದರೆಯಿಲ್ಲ. ಬೋರ್‌ವೆಲ್, ಕೃಷಿ ಹೊಂಡ, ಆಳ ನೇಗಿಲು ಆಗದು.

ಹಾಗಂತ ತೊಡಕೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಾವಿಗೆ ಕೇಂದ್ರದ ರಕ್ಷಣೆ ಬಂದರೆ ಅದರ ಸುತ್ತಲೂ ಆ 100 ಮತ್ತು 200 ಮೀಟರ್ ತಾನಾಗಿ ಹಬ್ಬುತ್ತದೆ. ಅದು ನಿಮ್ಮ ಹೊಲದಲ್ಲಿ ಮಾತ್ರ ನಿಲ್ಲುವುದಿಲ್ಲ, ಪಕ್ಕದವರ ಹೊಲಕ್ಕೂ ಹೋಗುತ್ತದೆ. ನಾಳೆ ಅವರು ಅಲ್ಲೊಂದು ತೋಟದ ಮನೆ ಕಟ್ಟಲು ಹೊರಟರೆ ನಿಮ್ಮನ್ನೇ ಬೈಯುತ್ತಾರೆ. ಅದಕ್ಕೆ ಪಕ್ಕದ ಹೊಲದವರನ್ನು ಮೊದಲು ಕೂರಿಸಿ ಮಾತಾಡಿ. ಘೋಷಣೆಗೂ ಮುಂಚೆ ಸರ್ಕಾರ ತನ್ನ ಉದ್ದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಿ, ಪ್ರತಿಯನ್ನು ಸ್ಮಾರಕದ ಹತ್ತಿರವೇ ಅಂಟಿಸಬೇಕು. ಆಕ್ಷೇಪಣೆಗೆ ಎರಡು ತಿಂಗಳು ಇರುತ್ತದೆ. ಯಾರಿಗೂ ಗೊತ್ತಿಲ್ಲದೆ ರಾತ್ರೋರಾತ್ರಿ ಆಗುವ ಕೆಲಸ ಇದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈಗಲೇ ‘ರಾಷ್ಟ್ರೀಯ ಮಹತ್ವದ ಸ್ಮಾರಕ ಮಾಡಿ’ ಅಂತ ಬೆನ್ನು ಹತ್ತಬೇಡಿ. ಆ ಪಟ್ಟಿಗೆ ಹೊಸ ಸೇರ್ಪಡೆ ಅಪರೂಪ. ಅದಕ್ಕಿಂತ ಮೊದಲು ದಾಖಲೆ ಮಾಡಿಸಿ. ರಾಜ್ಯ ಇಲಾಖೆ ತಾಲ್ಲೂಕುವಾರು ಗ್ರಾಮ ಸರ್ವೇಕ್ಷಣೆ ಮಾಡಿಸುತ್ತಾ ಬಂದಿದೆ. ನಿಮ್ಮ ಊರಿನ ಹೆಸರಿನ ಕೆಳಗೆ ಈ ಬಾವಿ ಬಂದಿದೆಯಾ ಕೇಳಿ. ಬಂದಿಲ್ಲದಿದ್ದರೆ ಸೇರಿಸಲು ಬರೆಯಿರಿ. ಹುಬ್ಬಳ್ಳಿ, ಧಾರವಾಡದ ಕಡೆ ಇತಿಹಾಸ ಓದುವ ವಿದ್ಯಾರ್ಥಿಗಳಿಗೆ, ಹಂಪಿ ಕನ್ನಡ ವಿಶ್ವವಿದ್ಯಾಲಯದವರಿಗೆ ತಿಳಿಸಿದರೆ ನೋಡಲು ಬರುವವರು ಸಿಗುತ್ತಾರೆ. ಒಂದು ಸಲ ಅಚ್ಚಿನಲ್ಲಿ ಬಂದ ಕಲ್ಲನ್ನು ಯಾರೂ ಸುಲಭವಾಗಿ ಮಾಯ ಮಾಡಲಾರರು.

ವೀರಗಲ್ಲುಗಳನ್ನು ನೀವೇ ಸ್ವಲ್ಪ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತವೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ಅಲ್ಲಿ ಹಸುಗಳು ಕಂಡರೆ ಅದು ತುರುಗಾಳಗ, ಊರ ದನ ಹೊಡೆದೊಯ್ಯುವವರ ಜೊತೆ ಹೋರಾಡಿ ಸತ್ತವನ ಕಲ್ಲು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅಕ್ಷರ ಇದ್ದರೆ ಈ ಅಂತಸ್ತುಗಳ ನಡುವಿನ ಪಟ್ಟಿಗಳಲ್ಲಿ ಇರುತ್ತದೆ. ಹಗಲಲ್ಲಿ ಕಾಣುವುದಿಲ್ಲ. ಸಂಜೆ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ತಾಗಿಸಿದ ಹಾಗೆ ಹಿಡಿಯಿರಿ. ಅಡ್ಡಬೆಳಕಿಗೆ ಪ್ರತಿ ಗೆರೆಯೂ ನೆರಳು ಬಿಡುತ್ತದೆ. ಇಷ್ಟು ದಿನ ಬರಿ ಕಲ್ಲು ಅಂದುಕೊಂಡಿದ್ದರಲ್ಲಿ ಸಾಲು ಸಾಲಾಗಿ ಹಳಗನ್ನಡ ಎದ್ದು ಬರುವುದನ್ನು ನೋಡುವುದೇ ಒಂದು ಖುಷಿ. ಆಗ ಫೋಟೋ ತೆಗೆಯಿರಿ, ಬೇರೆ ಬೇರೆ ಕಡೆಯಿಂದ ಬೆಳಕು ಹಿಡಿದು. ಅಕ್ಷರ ಕಾಣಲಿ ಅಂತ ಸುಣ್ಣ, ಹಿಟ್ಟು, ಚಾಕ್‌ಪೀಸ್ ಉಜ್ಜಬೇಡಿ. ಪಾಚಿ ತೆಗೆಯಲು ತಂತಿ ಬ್ರಷ್ ಬೇಡವೇ ಬೇಡ. ಓದಿಸಬೇಕು ಅಂದರೆ ಕೇಂದ್ರ ಇಲಾಖೆಯ ಶಾಸನ ವಿಭಾಗದ ಕಚೇರಿ ಮೈಸೂರಿನಲ್ಲೇ ಇದೆ. ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ ತೆಗೆಯುವುದು ಗೊತ್ತಿರುವವರು ಅಲ್ಲಿದ್ದಾರೆ.

ಎಣ್ಣೆ ಬಣ್ಣದ ಬಗ್ಗೆಯೂ ಹೇಳಬೇಕು. ಊರವರು ಭಕ್ತಿಯಿಂದಲೇ ವೀರಗಲ್ಲಿಗೆ ಹಸಿರು, ಕೆಂಪು ಪೇಂಟ್ ಬಳಿಯುತ್ತಾರೆ. ಆ ಪೇಂಟ್ ತೆಗೆಯುವುದು ಪರಿಣತರಿಗೂ ಕಷ್ಟ, ತೆಗೆಯುವಾಗ ಗೆರೆಯೂ ಹೋಗುತ್ತದೆ. ಪೂಜೆ ಮಾಡುವುದಾದರೆ ಮಾಡಲಿ, ಹೂವು ಇಡಲಿ. ಪೇಂಟ್ ಮಾತ್ರ ಬೇಡ ಅಂತ ಹಿರಿಯರಿಗೆ ಹೇಳಿ ಒಪ್ಪಿಸಿ.

ಬಾವಿಯದು ಸ್ವಲ್ಪ ಅಪಾಯದ ಕೆಲಸ. ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ ನೋಡಿರಬಹುದು. ಮೆಟ್ಟಿಲ ಗೋಡೆಯಲ್ಲೇ ಸಣ್ಣ ಸಣ್ಣ ಗೂಡುಗುಡಿಗಳಿವೆ. ಸೂಡಿಯಲ್ಲೂ ಕೆತ್ತನೆಯ ಬಾವಿಯಿದೆ. ನಿಮ್ಮದರಲ್ಲೂ ಹೂಳಿನ ಕೆಳಗೆ ಅಂಥದ್ದು ಇರಬಹುದು, ಇಲ್ಲದೆಯೂ ಇರಬಹುದು. ನೋಡುವ ಆಸೆಗೆ ಮೋಟಾರ್ ಹಚ್ಚಿ ಒಂದೇ ದಿನದಲ್ಲಿ ನೀರು ಖಾಲಿ ಮಾಡಬೇಡಿ. ಬಾವಿಯೊಳಗಿನ ನೀರು ಗೋಡೆಯನ್ನು ಒಳಗಿನಿಂದ ತಡೆದಿರುತ್ತದೆ. ಹಿಂದಿನ ಮಣ್ಣು ಹಸಿಯಾಗಿರುವಾಗ ಅದನ್ನು ದಿಢೀರನೆ ತೆಗೆದರೆ ಹಿಂದಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯುತ್ತದೆ. ಮಳೆ ಮುಗಿದು ಸುತ್ತಲ ನೆಲ ಚೆನ್ನಾಗಿ ಆರಿದ ಮೇಲೆ, ನೀರು ತಾನಾಗಿ ಇಳಿದಾಗ, ಕೂಲಿಯಾಳುಗಳಿಂದ ಬುಟ್ಟಿಯಲ್ಲಿ ಹೂಳು ತೆಗೆಸುವುದು ಸರಿಯಾದ ಕ್ರಮ. ಜೆಸಿಬಿಯನ್ನು ಬಾವಿಯ ಅಂಚಿಗೆ ಬಿಡಬೇಡಿ, ಅದರ ಭಾರವೇ ಸಾಕು. ಗೋಡೆಯಲ್ಲಿ ಅರಳಿ, ಆಲದ ಗಿಡ ಎದ್ದಿದ್ದರೆ ಕೀಳಬೇಡಿ. ಕಿತ್ತರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗೆಲ್ಲ ಮತ್ತೆ ಕತ್ತರಿಸುತ್ತಿರಿ. ಬಿದ್ದ ಕಲ್ಲುಗಳನ್ನು ಮನೆಗೆ ಒಯ್ಯದೆ, ಯಾವ ಬದಿಯಿಂದ ಬಿತ್ತೋ ಅದೇ ಬದಿಯಲ್ಲಿ ಸಾಲಾಗಿ ಇಡಿ. ಆಮೇಲೆ ಜೋಡಿಸುವವರಿಗೆ ಅದೇ ನಕಾಶೆ.

ಹೂಳಿನಲ್ಲಿ ಮೂರ್ತಿಯೋ ನಾಣ್ಯವೋ ಸಿಕ್ಕರೆ ಅಲ್ಲೇ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ. ನಿಧಿ ಮುಚ್ಚಿಟ್ಟರೆ ಅಪರಾಧ. ನೂರು ವರ್ಷ ದಾಟಿದ ಮೂರ್ತಿ ಕಾನೂನಿನ ಕಣ್ಣಲ್ಲಿ ಪ್ರಾಚ್ಯವಸ್ತು. 2024ರ ನವೆಂಬರಿನಲ್ಲಿ ಲಕ್ಕುಂಡಿಯಲ್ಲಿ ಪ್ರಾಚ್ಯವಸ್ತು ಹುಡುಕುವ ಅಭಿಯಾನ ನಡೆದಾಗ ಓಣಿ, ಹಿತ್ತಲು, ಮನೆಯ ಕಟ್ಟೆಗಳಿಂದ ಕೆತ್ತಿದ ಕಲ್ಲುಗಳು ರಾಶಿ ರಾಶಿ ಹೊರಬಂದವು. ಜನ ತಾವಾಗಿ ತಂದುಕೊಟ್ಟರು. ನಿಮ್ಮೂರಲ್ಲೂ ಬಟ್ಟೆ ಒಗೆಯುವ ಕಲ್ಲನ್ನು ಒಮ್ಮೆ ಮಗುಚಿ ನೋಡಿ.

ಇನ್ನೊಂದು ಎಚ್ಚರಿಕೆ. ಬಾವಿಯ, ವೀರಗಲ್ಲಿನ ಸರಿಯಾದ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಲೊಕೇಶನ್ ಸಮೇತ ಹಾಕಬೇಡಿ. ವೀರಗಲ್ಲಿನ ಕೆಳಗೆ, ನಂದಿಯ ಹೊಟ್ಟೆಯಲ್ಲಿ ಹೊನ್ನಿದೆ ಅಂತ ನಂಬಿ ಅಮವಾಸ್ಯೆ ರಾತ್ರಿ ಅಗೆಯುವವರ ಕಾಟ ನಮ್ಮ ಕಡೆ ಇನ್ನೂ ಹೋಗಿಲ್ಲ. ಅಧಿಕಾರಿಗಳಿಗೆ, ಸಂಶೋಧಕರಿಗೆ ಕಾಗದದಲ್ಲಿ ಕೊಡಿ. ಊರ ಗುಂಪಿನಲ್ಲಿ ಫೋಟೋ ಮಾತ್ರ ಸಾಕು.

ಮತ್ತೆ, ಪಟ್ಟಿಯಲ್ಲಿಲ್ಲದ ಸಣ್ಣ ಗುಡಿಯೇನಾದರೂ ಊರಲ್ಲಿದ್ದರೆ ‘ಜೀರ್ಣೋದ್ಧಾರ’ದ ಸಮಿತಿಯವರ ಮೇಲೆ ಒಂದು ಕಣ್ಣಿರಲಿ. ನನ್ನ ಪ್ರಕಾರ ಈ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಕಳ್ಳರಿಗಿಂತ ಜಾಸ್ತಿ ಹಳೆ ಗುಡಿಗಳನ್ನು ತೆಗೆದದ್ದು ಒಳ್ಳೆಯ ಮನಸ್ಸಿನ ಸಮಿತಿಗಳು. ಹಳೆಯದನ್ನು ಬಿಚ್ಚಿ, ಗ್ರಾನೈಟ್ ಹಾಕಿ, ಬಣ್ಣದ ಗೋಪುರ ಎತ್ತಿ, ತೆಗೆದ ಕಲ್ಲನ್ನು ಕೆರೆ ಏರಿಗೆ ಸುರಿಯುತ್ತಾರೆ. ಹಾಗೆ ಮಾಡದೆಯೂ ಗುಡಿ ಉಳಿಸಬಹುದು. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಬಹಳ ಕಡೆ ಹಳೆ ಕಲ್ಲುಗಳಿಗೆ ನಂಬರ್ ಹಾಕಿ ಬಿಚ್ಚಿ, ಪಾಯ ಸರಿಮಾಡಿ, ಅದೇ ಕಲ್ಲುಗಳಿಂದ ಮತ್ತೆ ನಿಲ್ಲಿಸಿದೆ. ಸರ್ಕಾರ, ಟ್ರಸ್ಟ್, ಊರವರು ಮೂವರೂ ಖರ್ಚಿಗೆ ಪಾಲು ಹಾಕುವ ಪದ್ಧತಿ ಅದು. ನಿಮ್ಮ ಸಮಿತಿಗೆ ದುಡ್ಡಿದ್ದರೆ ಅವರನ್ನು ಮೊದಲು ಕೇಳಲಿ.

ಕೊನೆಗೆ ಅರ್ಜಿಯ ವಿಷಯ. ಮನೆಗೂ ಬಾವಿಗೂ ಬೇರೆ ಬೇರೆ ಅರ್ಜಿ ಬರೆಯಿರಿ, ಒಂದರಲ್ಲಿ ಬೆರೆಸಬೇಡಿ. ಮನೆಯದು ನಾನು ಮೇಲೆ ಹೇಳಿದ ದಾರಿಯಲ್ಲಿ ಹೋಗಲಿ, ಒಂದು ಪ್ರತಿ ಧಾರವಾಡದ ಕೇಂದ್ರ ಪುರಾತತ್ವ ವಲಯ ಕಚೇರಿಗೂ ಹೋಗಲಿ. ಬಾವಿ, ವೀರಗಲ್ಲಿನದು ಮೈಸೂರಿನ ರಾಜ್ಯ ಪುರಾತತ್ವ ಇಲಾಖೆಯ ಆಯುಕ್ತರಿಗೆ, ಪ್ರತಿ ಜಿಲ್ಲಾಧಿಕಾರಿಗಳಿಗೆ. ಅದರ ಜೊತೆ ಉತಾರ, ಕೈಯಲ್ಲಿ ಬರೆದ ನಕಾಶೆ, ಅಡ್ಡಬೆಳಕಿನ ಫೋಟೋಗಳು, ಗ್ರಾಮಸಭೆಯ ಠರಾವಿನ ನಕಲು ಇರಲಿ. ಠರಾವಿನಲ್ಲಿ ನಿಮ್ಮ ತಮ್ಮನ ಸಹಿಯೂ ಪಕ್ಕದ ಹೊಲದವರ ಸಹಿಯೂ ಇದ್ದರೆ ಅರ್ಜಿಯ ತೂಕವೇ ಬೇರೆ. ತಮ್ಮ ಇನ್ನೂ ಒಪ್ಪದಿದ್ದರೆ, ಸದ್ಯಕ್ಕೆ ದಾಖಲೆ ಮಾಡಿಸುವುದಕ್ಕೆ ಮಾತ್ರ ಬರೆಯಿರಿ, ಸಂರಕ್ಷಣೆಯ ಘೋಷಣೆ ಕೇಳಬೇಡಿ. ದಾಖಲೆಯಾದ ಮಾತ್ರಕ್ಕೆ ಹೊಲದ ಮೇಲೆ ಯಾವ ನಿರ್ಬಂಧವೂ ಬರುವುದಿಲ್ಲ. ಎರಡೂ ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಎದ್ದು ಬರಬೇಡಿ.